ತಾರಸಿ ಮೇಲಿನ ಸೋಲಾರ್: ಲೆಕ್ಕ ಹಾಕಿ ನೋಡೋಣ

ಕೇಳುಗರೇ, ನಮಸ್ಕಾರ. ಸೋಲಾರ್ ಹಾಕಿಸಿ, ಕರೆಂಟ್ ಬಿಲ್ಲೇ ಬರಲ್ಲ ಅಂತ ಫೋನ್ ಮಾಡುವವರು ಈಗ ಜಾಸ್ತಿ. ಆದರೆ ಕರ್ನಾಟಕದಲ್ಲಿ ಎಷ್ಟೋ ಮನೆಗಳಿಗೆ ಬಿಲ್ಲು ಈಗಾಗಲೇ ಬರುತ್ತಿಲ್ಲ, ಅಲ್ವಾ? 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ನಿಮ್ಮ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ, 200 ಯೂನಿಟ್ ಮೀರದಂತೆ ಪುಕ್ಕಟೆ ಕೊಡುತ್ತಾರೆ. ನಿಮ್ಮದು ಸೊನ್ನೆ ಬಿಲ್ಲಿನ ಮನೆಯಾಗಿದ್ದರೆ ಸೋಲಾರ್‌ನಿಂದ ಉಳಿಸುವುದಕ್ಕೆ ಸದ್ಯಕ್ಕೆ ಏನೂ ಇಲ್ಲ. ಮಾರುವವರು ಇದನ್ನು ಹೇಳುವುದಿಲ್ಲ.

200 ದಾಟಿದರೆ ಕಥೆ ಬೇರೆ. ಆಗ ಪೂರ್ತಿ ಬಿಲ್ಲು ನಿಮ್ಮದೇ, ಯೂನಿಟ್‌ಗೆ ಆರು ರೂಪಾಯಿ ಆಸುಪಾಸು, ನಿಗದಿತ ಶುಲ್ಕ ಬೇರೆ. ಎಸಿ, ಗೀಸರ್ ಇರುವ, ತಿಂಗಳಿಗೆ 350 ಯೂನಿಟ್ ಉರಿಸುವ ಮನೆ ಅಂದುಕೊಳ್ಳಿ. ಒಂದು ಕಿಲೋವ್ಯಾಟ್‌ನ ಸೋಲಾರ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನಲ್ಲಿ, ಇದಕ್ಕಿಂತ ಕಡಿಮೆ. ಅಂದರೆ 3 ಕಿಲೋವ್ಯಾಟ್ ಸಾಕು. ನೆರಳು ಬೀಳದ 300 ಚದರಡಿ ಜಾಗ ಬೇಕು.

ಖರ್ಚು ಎರಡು ಲಕ್ಷದ ಹತ್ತಿರ ಅಂತ ಇಟ್ಟುಕೊಳ್ಳೋಣ. 2024ರಲ್ಲಿ ಶುರುವಾದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಉಳಿದ 1,22,000 ನಿಮ್ಮ ಕೈಯದ್ದು. ತಿಂಗಳಿಗೆ ಎರಡು ಸಾವಿರ ಉಳಿದರೆ ಐದು ವರ್ಷ ಚಿಲ್ಲರೆಯಲ್ಲಿ ಅಸಲು ವಾಪಸ್. ಪ್ಯಾನೆಲ್‌ಗಳಿಗೆ ಸಾಮಾನ್ಯವಾಗಿ 25 ವರ್ಷದ ವಾರಂಟಿ ಇರುತ್ತದೆ, ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಗೆ ಹೊಂದುವಂತೆ ಮಾಡುವ ಇನ್ವರ್ಟರ್ ಮಾತ್ರ ನಡುವೆ ಒಮ್ಮೆ ಬದಲಾಯಿಸಬೇಕಾಗಬಹುದು.

ಸಬ್ಸಿಡಿ ಮೊದಲೇ ಸಿಗುವುದಿಲ್ಲ, ನೆನಪಿರಲಿ. ಯೋಜನೆಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅಲ್ಲಿ ನೋಂದಾಯಿಸಿದವರಿಂದಲೇ ಹಾಕಿಸಿ, ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ನಿಮ್ಮ ಕಂಪನಿ ಯಾವುದೋ ಅವರು ಬಂದು ನೋಡಿ, ನೀವು ಲೈನಿಗೆ ಕೊಟ್ಟ ಕರೆಂಟು, ಲೈನಿನಿಂದ ಪಡೆದ ಕರೆಂಟು ಎರಡನ್ನೂ ಅಳೆಯುವ ನೆಟ್ ಮೀಟರ್ ಕೂರಿಸಿದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಪ್ಯಾನೆಲ್ಲೂ ಅದರೊಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು. ಅಗ್ಗದ ಆಮದು ಮಾಲು ಹಾಕಿಸಿದರೆ ಸಬ್ಸಿಡಿ ಹೋಯಿತು. ಕೊಟೇಶನ್‌ನಲ್ಲಿ ಇದನ್ನು ಬರೆಸಿಕೊಳ್ಳಿ, ಬಾಯಿಮಾತು ಬೇಡ.

ಇನ್ನೊಂದು, ಲೈನಿನಲ್ಲಿ ಕರೆಂಟು ಹೋದರೆ ಬ್ಯಾಟರಿ ಇಲ್ಲದ ಸೋಲಾರ್ ಕೂಡ ನಿಲ್ಲುತ್ತದೆ, ಎಷ್ಟೇ ಬಿಸಿಲಿರಲಿ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ, ಅದಕ್ಕೆ. ಪವರ್ ಕಟ್‌ಗಾಗಿಯೇ ಹಾಕಿಸುತ್ತಿದ್ದರೆ ಬ್ಯಾಟರಿ ಜೊತೆಗೂ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಎರಡೂ ಬೇಕು. ಅದರ ದುಡ್ಡು ನಾನು ಈಗ ಹೇಳಿದ ಲೆಕ್ಕದಲ್ಲಿ ಇಲ್ಲ.