ಕೀಪ್ಯಾಡ್ ಫೋನಿನ ಚಿಕ್ಕಮ್ಮನ ಬಗ್ಗೆ ಆಪ್‌ಗೆ ಹೇಳಿದ್ಯಾರು?

ನಮಸ್ಕಾರ ಎಲ್ರಿಗೂ. ಕೊಡಗಿನ ಸುಂಟಿಕೊಪ್ಪದ ನಮ್ ಚಿಕ್ಕಮ್ಮ ಹೋದ ವಾರ ಕೇಳಿದ ಒಂದು ಪ್ರಶ್ನೆ ತಲೆಯಿಂದ ಹೋಗ್ತಾನೇ ಇಲ್ಲ. ಅವ್ರದ್ದು ಕೀಪ್ಯಾಡ್ ಫೋನು, ನೆಟ್ಟೂ ಇಲ್ಲ, ವಾಟ್ಸಾಪೂ ಇಲ್ಲ, ಆದ್ರೂ ಗೊತ್ತಿಲ್ದೋರಿಗೆ ಕಾಲ್ ಮಾಡಿದ್ರೆ ಆ ಕಡೆ ಸ್ಕ್ರೀನಲ್ಲಿ "ಸುಂಟಿಕೊಪ್ಪ ಹೋಂಸ್ಟೇ ಆಂಟಿ" ಅಂತ ಬರುತ್ತೆ. ಹೋಂಸ್ಟೇ ಮುಚ್ಚಿ ಮೂರು ವರ್ಷ ಆಯ್ತು! "ನಾನ್ ಯಾರಿಗೂ ಹೇಳಿಲ್ವಲ್ಲೋ, ಅದಕ್ಕೆ ಹೆಂಗೆ ಗೊತ್ತಾಯ್ತು?"

ಹಾಗೆ ಹೆಸರು ತೋರ್ಸೋದು ಕಾಲರ್ ಐಡಿ ಆಪ್, ಅಂದ್ರೆ ಕಾಲ್ ಮಾಡ್ತಿರೋದು ಯಾರು ಅಂತ ಹೇಳೋ ಆಪ್. ಅದಕ್ಕೆ ಕಾಂಟ್ಯಾಕ್ಟ್ಸ್ ಪರ್ಮಿಷನ್ ಕೊಟ್ರೆ ಫೋನ್‌ಬುಕ್ ಆ ಕಂಪನಿ ಸರ್ವರ್‌ಗೆ ಹೋಗಬಹುದು, ಇಷ್ಟು ನಿಮಗೂ ಗೊತ್ತು, ಬಿಡಿ. ಆದ್ರೆ ನಿಮ್ಮ ಮಾಹಿತಿ ಹೋಗೋಕೆ ಪರ್ಮಿಷನ್ ಕೊಡೋ "ಅಲೋ" (Allow) ಬಟನ್ ಒತ್ತೋರು ನೀವೇ ಆಗ್ಬೇಕಿಲ್ಲ.

[ಸ್ಕ್ರೀನ್ ಮೇಲೆ: ಕಾಲರ್ ಹಾಕಿರೋ ಹೆಣ್ಣಾನೆ]

ತೋಟಕ್ಕೆ ಬರೋ ಆನೆಗಳ ಜಾಡು ಹಿಡಿಯೋಕೆ ಫಾರೆಸ್ಟ್‌ನೋರು ರೇಡಿಯೋ ಕಾಲರ್ ಹಾಕ್ತಾರಲ್ಲ, ಹಿಂಡಲ್ಲಿರೋ ಎಲ್ಲಾ ಆನೆಗೂ ಹಾಕಲ್ಲ. ಒಂದು ದೊಡ್ಡ ಹೆಣ್ಣಾನೆಗೆ ಮಂಪರು ಬರ್ಸಿ ಕುತ್ತಿಗೆಗೆ ಬೆಲ್ಟ್ ಕಟ್ಟಿ ಬಿಡ್ತಾರೆ. ಹಿಂಡು ಅದ್ರ ಜೊತೇನೇ ಓಡಾಡೋದ್ರಿಂದ ಕಾಲರ್ ಇಲ್ಲದ ಮರಿ ಯಾವ ಹೊಳೆ ದಾಟ್ತು, ಹಲಸಿನ ಹಣ್ಣಿಗೆ ಯಾವ ತೋಟಕ್ಕೆ ನುಗ್ತು, ಎಲ್ಲಾ ಗೊತ್ತಾಗುತ್ತೆ. ಚಿಕ್ಕಮ್ಮನ ಕುತ್ತಿಗೇಲೂ ಏನಿಲ್ಲ. ದಾರಿ ಕೇಳೋಕೆ ನಂಬರ್ ಸೇವ್ ಮಾಡ್ಕೊಂಡಿದ್ದ ಗೆಸ್ಟ್‌ಗಳಲ್ಲಿ ಒಂದಿಬ್ರು ಅಲೋ ಒತ್ತಿದ್ರೂ ಮುಗೀತು. ಊರು, ಕಸುಬು, ವಯಸ್ಸಿನ ಅಂದಾಜು, ಮೂರೇ ಪದದಲ್ಲಿ ಮೂರೂ ಸಿಕ್ಬಿಡ್ತು. ಆನೆಗೆ ಕಾಲರ್ ಹಾಕೋದು ಜೀವ ಉಳ್ಸೋಕೆ, ಇದು ಯಾರದ್ದೋ ವ್ಯಾಪಾರಕ್ಕೆ.

ಮೋಸ ಮಾಡೋನಿಗೂ ಆ ಮೂರು ಪದ ಸಾಕು. "ಆರ್ಮಿ ಆಫೀಸರ್ ಮಾತಾಡ್ತಿರೋದು, ಫ್ಯಾಮಿಲಿ ಜೊತೆ ಬರ್ತೀವಿ, ಅಡ್ವಾನ್ಸ್‌ಗೆ ಕ್ಯೂಆರ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ" ಅಂತ ಚಿಕ್ಕಮ್ಮಂಗೂ ಕಾಲ್ ಬಂದಿತ್ತು. ಕೊಡಗಲ್ಲಿ ಎಷ್ಟೋ ಮನೇಲಿ ಸೈನ್ಯಕ್ಕೆ ಹೋದೋರಿದ್ದಾರೆ, ಆ ಗೌರವಾನೇ ಹಿಡ್ಕೊಂಡು ಮೋಸ ಮಾಡೋದು ನಂಗೆ ಸಹಿಸೋಕಾಗಲ್ಲ. ದುಡ್ಡು ಬರೋಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಕಳ್ಕೊಂಡ್ರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ.

ಟೈಮ್ ಕಮ್ಮಿ, ಕಾನೂನು ಒಂದೇ ಉಸಿರಲ್ಲಿ ಹೇಳ್ತೀನಿ: ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ 9 ಜಡ್ಜ್‌ಗಳು ಒಮ್ಮತದಿಂದ ಹೇಳಿದ್ರು, ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್ ಕೆ.ಎಸ್. ಪುಟ್ಟಸ್ವಾಮಿ, ಆಮೇಲೆ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೇಲಿ 250 ಕೋಟಿ ರೂಪಾಯಿವರೆಗೂ ದಂಡ ಇದೆ, ಆದ್ರೆ ಸ್ವಂತಕ್ಕೆ ಅಂತ ನಂಬರ್ ಸೇವ್ ಮಾಡ್ಕೊಳ್ಳೋ ನಮಗೆ ನಿಮಗೆ ಆ ಕಾಯ್ದೆ ಅನ್ವಯಿಸಲ್ಲ. ನಮ್ಮ ಫೋನ್ ನಾವೇ ನೋಡ್ಕೋಬೇಕು.

ಚಿಕ್ಕಮ್ಮ ಆ ಪ್ರಶ್ನೆ ಕೇಳಿದ ದಿನಾನೇ, ಅಲ್ಲೇ ಅವ್ರ ಜಗಲೀಲಿ ಕೂತು ನನ್ ಫೋನ್ ತೆಗೆದೆ. ಸೆಟ್ಟಿಂಗ್ಸ್, ಪ್ರೈವೆಸಿ, ಪರ್ಮಿಷನ್ ಮ್ಯಾನೇಜರ್, ಕಾಂಟ್ಯಾಕ್ಟ್ಸ್. ಮಳೆಗಾಲದಲ್ಲಿ ಕರೆಂಟ್ ಹೋಗುತ್ತೆ ಅಂತ ಹಾಕ್ಕೊಂಡಿದ್ದ ಟಾರ್ಚ್ ಆಪ್‌ಗೂ ಅಲೋ ಇತ್ತು, ತೆಗೆದೆ. ಆಮೇಲೆ ಚಿಕ್ಕಮ್ಮನ ನಂಬರ್ ನೋಡಿದ್ರೆ, ನಾನೇ ಸೇವ್ ಮಾಡಿದ್ದೆ: "ಚಿಕ್ಕಮ್ಮ ಹೋಂಸ್ಟೇ ಸುಂಟಿಕೊಪ್ಪ". ಈಗ ಬರೀ "ಚಿಕ್ಕಮ್ಮ" ಅಂತ ಇದೆ.