ಬೇಜಾರು ಅಂದರೆ ಯಾವ ಬೇಜಾರು?

ಕೇಳುಗರಿಗೆ ನಮಸ್ಕಾರ.

ಮೊದಲು ನನ್ನದೇ ಒಂದು ತಪ್ಪು ಹೇಳಿ ಶುರು ಮಾಡುತ್ತೇನೆ. ನಾನು ಪ್ರಾಥಮಿಕ ಶಾಲೆಯ ಅಕ್ಕೋರು. ಕಾರವಾರ ಮತ್ತು ಅಂಕೋಲೆಯ ನಡುವೆ, ರಾತ್ರಿ ಅಲೆಯ ಸದ್ದು ಕೇಳುವಷ್ಟು ಕಡಲಿಗೆ ಹತ್ತಿರದ ಒಂದು ಊರಿನಲ್ಲಿ ಬಹಳ ವರ್ಷ ಕಲಿಸಿದೆ. ತರಗತಿಗೆ ಹೆಂಚಿನ ಮಾಡು, ಬಿಸಿಯೂಟದ ಜಗಲಿಗೆ ಮಾತ್ರ ತಗಡು. ತಗಡಿನ ಮೇಲೆ ಆಷಾಢದ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ನಿಮಗೆ ಹೇಳಬೇಕೇ?

ಎರಡನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಾತಿಲ್ಲ ಅಂದರೂ ಸರಿಯೇ. ಏನಾದರೂ ಬೇಕಾದರೆ ನಮ್ಮ ಕೈ ಹಿಡಿದು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದ. ಆಟಿಸಂ ಎಂದು ಡಾಕ್ಟರರ ಕಾಗದವೂ ಬಂದಿತ್ತು. ಕಾಗದ ನನ್ನ ಬೀರುವಿನಲ್ಲಿ ಜೋಪಾನವಾಗಿತ್ತು. ತಲೆಯೊಳಗೆ ಇಳಿದಿರಲಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ. ಮೇಲೆ ಮಳೆ, ಕೆಳಗೆ ನಲವತ್ತು ಸ್ಟೀಲ್ ತಟ್ಟೆಗಳ ಸದ್ದು. ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಕೂತಲ್ಲೇ ಹಿಂದೆ ಮುಂದೆ ತೂಗತೊಡಗಿದ. "ಕೈ ತೆಗಿ, ಉಣ್ಣು" ಅಂದೆ. ಇನ್ನೊಮ್ಮೆ ಜೋರಾಗಿ ಅಂದೆ. ಮೂರನೇ ಸಲ ಕೈ ಹಿಡಿದು ಎಳೆದೆ. ತಟ್ಟೆ ಹಾರಿತು. ಪಕ್ಕದ ಹುಡುಗಿಯ ಲಂಗದ ಮೇಲೆಲ್ಲ ಸಾಂಬಾರು. ಅವಳು ಹೋ ಎಂದು ಅತ್ತಳು. ನಾನು ಅವನನ್ನು ಬಾಗಿಲ ಹತ್ತಿರ ನಿಲ್ಲಿಸಿ, "ಅವಳಿಗೆ ಸಾರಿ ಹೇಳು" ಅಂದೆ.

ಮಾತೇ ಬಾರದ ಮಗುವಿಗೆ ಸಾರಿ ಹೇಳು ಅಂದೆ ನಾನು.

ಸಂಜೆ ಕರೆದುಕೊಂಡು ಹೋಗಲು ಅವನ ಅಜ್ಜಿ ಬಂದರು. ನಾನು ದೂರು ಹೇಳಿ ಮುಗಿಸುವವರೆಗೆ ಸುಮ್ನೆ ಕೇಳಿದರು. ಆಮೇಲೆ, "ಅಕ್ಕೋರೆ, ಇವನಿಗೆ ಸದ್ದು ಆಗೂದಿಲ್ಲ. ಮನೇಲಿ ಮಿಕ್ಸರ್ ಹಾಕಿದ್ರೂ ಹಿತ್ತಲಿಗೆ ಓಡ್ತಾನೆ. ನಾವು ಮೊದ್ಲೇ ಹೇಳಿ ಹಾಕೂದು" ಅಂದರು. ಅಷ್ಟೇ. ನಾನು ಎಷ್ಟೋ ತರಬೇತಿಗಳಲ್ಲಿ ಕೂತು ಬಂದವಳು. ಅಲ್ಲಿ ಸಿಗದ್ದು ಶಾಲೆಯ ಮೆಟ್ಟಿಲ ಮೇಲೆ ಒಂದು ನಿಮಿಷದಲ್ಲಿ ಸಿಕ್ಕಿತು.

ಹಠ ಬೇರೆ, ಇದು ಬೇರೆ. ಹಠ ಮಾಡುವ ಮಗುವಿಗೆ ಏನೋ ಬೇಕಾಗಿರುತ್ತದೆ. ನಾವು ನೋಡುತ್ತಿದ್ದೇವೋ ಇಲ್ಲವೋ ಎಂದು ನಡುನಡುವೆ ಓರೆಗಣ್ಣಲ್ಲಿ ನೋಡುತ್ತದೆ. ಸಿಕ್ಕಿದರೆ ಅಳು ನಿಂತಿತು. ಇನ್ನೊಂದು, ಸದ್ದು, ಬೆಳಕು, ಗದ್ದಲ ತಡೆಯಲಾರದಷ್ಟಾಗಿ ಒಳಗಿಂದ ಉಕ್ಕಿ ಬರುವುದು. ಉಕ್ಕುವ ಹಾಲಿಗೆ ಯಾರಾದರೂ ಬಯ್ಯುತ್ತಾರಾ? ಉರಿ ಸಣ್ಣ ಮಾಡುತ್ತೇವೆ. ಆ ಹೊತ್ತಿನಲ್ಲಿ ಮಾತು ಕಡಿಮೆ ಮಾಡಬೇಕು, ಸದ್ದಿಲ್ಲದ ಜಾಗಕ್ಕೆ ಕರೆದೊಯ್ಯಬೇಕು. "ನನ್ನ ಕಣ್ಣು ನೋಡಿ ಮಾತಾಡು" ಎಂದು ಒತ್ತಾಯ ಮಾಡಬಾರದು. ಬುದ್ಧಿವಾದ ಏನಿದ್ದರೂ ಆಮೇಲೆ.

ಇಷ್ಟು ಹೇಳಿ ನಿಲ್ಲಿಸಿದರೆ ಆ ಹುಡುಗಿಗೆ ಅನ್ಯಾಯ. ಎಲ್ಲ ಮಕ್ಕಳೂ ಕೂಡಿ ಕಲಿಯುವ ತರಗತಿಯ ಮಾತು ಬಂದಾಗ ಪಕ್ಕದಲ್ಲಿ ಕೂತ ಮಗುವನ್ನು ಮರೆತುಬಿಡುತ್ತೇವೆ. "ಪಾಪ, ಅವನಿಗೆ ತಿಳಿಯೂದಿಲ್ಲ, ನೀನೇ ಸಂಭಾಳಿಸ್ಕೋ" ಅನ್ನುತ್ತೇವೆ. ಆ "ಪಾಪ" ಇಬ್ಬರಿಗೂ ಒಳ್ಳೆಯದು ಮಾಡುವುದಿಲ್ಲ.

ಮರುದಿನ ಅವಳನ್ನು ಕರೆದು "ನಿನ್ನೆ ಏನಾಯ್ತೇ?" ಅಂದೆ.

"ಬೇಜಾರಾಯ್ತು."

ಈ ಬೇಜಾರು ಇದೆಯಲ್ಲ, ಇದು ನಮ್ಮ ಕಡೆಯ ಸರ್ವೌಷಧಿ. ಆಟಕ್ಕೆ ಸೇರಿಸದಿದ್ದರೂ ಬೇಜಾರು, ನಾಯಿ ಸತ್ತರೂ ಬೇಜಾರು, ಪಾಠ ಉದ್ದವಾದರೂ ಬೇಜಾರು. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳೂ ಅದನ್ನೇ ಹೇಳುತ್ತಾರೆ. ನಾನು ಬಿಡಲಿಲ್ಲ. "ಯಾವ ಬೇಜಾರು? ಎಲ್ಲಿ ಆಯ್ತು, ತೋರಿಸು" ಅಂದೆ. ಅವಳು ಹೊಟ್ಟೆ ಮುಟ್ಟಿಕೊಂಡಳು. "ಇಲ್ಲಿ ಕಿವುಚಿದ ಹಾಗೆ. ಅವ್ವ ಬಯ್ತಾಳೆ ಅಂತ." ಇರುವುದೇ ಎರಡು ಜೊತೆ ಸಮವಸ್ತ್ರ. ಮಳೆಗಾಲದಲ್ಲಿ ಒಂದು ಒಣಗಲು ಮೂರು ದಿನ. ಅವಳಿಗೆ ಅವನ ಮೇಲೆ ಸಿಟ್ಟೇ ಇರಲಿಲ್ಲ. ಅದು ಹೆದರಿಕೆ. ಅವನ ಹತ್ತಿರ ಸಾರಿ ಹೇಳಿಸಿದ್ದರೂ ಆ ಹೆದರಿಕೆ ಹೋಗುತ್ತಿರಲಿಲ್ಲ. ಅವಳ ಅವ್ವನಿಗೆ ನಾನೊಂದು ಚೀಟಿ ಬರೆದು ಕಳಿಸಿದೆ. ಹೋಯಿತು.

ಆವತ್ತಿನಿಂದ ತರಗತಿಯಲ್ಲಿ ಬೇಜಾರನ್ನು ಬಿಡಿಸಿ ಹೇಳುವ ಆಟ ಶುರುವಾಯಿತು. ಕನ್ನಡದಲ್ಲಿ ಇದಕ್ಕೆ ಪರದಾಡಬೇಕಿಲ್ಲ. ಮನಸ್ಸಿನ ವಿಷಯವನ್ನು ಮೈಯಲ್ಲೇ ತೋರಿಸುವ ಭಾಷೆ ನಮ್ಮದು. ಹೊಟ್ಟೆಕಿಚ್ಚು. ಮೈ ಉರಿಯಿತು. ಎದೆ ಢವಢವ. ಗಂಟಲು ಕಟ್ಟಿತು. ಮುಖ ಸಣ್ಣದಾಯಿತು. ಪಿಚ್ಚೆನಿಸಿತು. ಹೇಳಲು ಬಾರದ ಮಗು ಬೆರಳಿಟ್ಟು ತೋರಿಸಬಹುದು. ಆಟಿಸಂ ಇರುವ ಕೆಲವು ಮಕ್ಕಳಿಗೆ ಇದೂ ಕಷ್ಟವೇ. ಒಳಗೆ ಆಗುತ್ತಿರುವುದು ಹಸಿವೋ ಹೆದರಿಕೆಯೋ ಅವರಿಗೇ ಗೊತ್ತಾಗದಿರಬಹುದು. ಅಂಥ ಕಡೆ ನಾವೇ ಹೆಸರಿಟ್ಟು ಹೇಳಿಕೊಡಬೇಕು. ಅಂಗಡಿಯಲ್ಲಿ ಸಿಗುವ ಹಳದಿ ಮುಖಗಳ ಚಾರ್ಟ್ ತಂದು ಗೋಡೆಗೆ ಅಂಟಿಸಿದ್ದೆ. ಅದಕ್ಕಿಂತ ಒಬ್ಬ ಹುಡುಗ ಯಕ್ಷಗಾನದ ರಾಕ್ಷಸನ ಹಾಗೆ ಹುಬ್ಬೇರಿಸಿ ತೋರಿಸಿದ ಸಿಟ್ಟು ಮಕ್ಕಳಿಗೆ ಬೇಗ ತಿಳಿಯಿತು.

ಇದಕ್ಕೆಲ್ಲ ಶಿಕ್ಷಣದವರು ಒಂದು ಹೆಸರಿಟ್ಟಿದ್ದಾರೆ, ಸಾಮಾಜಿಕ ಮತ್ತು ಭಾವನಾತ್ಮಕ ಕಲಿಕೆ. 1994ರಲ್ಲಿ ಅಮೆರಿಕದಲ್ಲಿ ಶುರುವಾದ ಕ್ಯಾಸೆಲ್ ಎಂಬ ಸಂಸ್ಥೆಯಿಂದ ಈ ಮಾತು ಹೆಚ್ಚು ಬಳಕೆಗೆ ಬಂತು. ತನ್ನ ಮನಸ್ಸು ತನಗೆ ಗೊತ್ತಾಗುವುದು, ಅದನ್ನು ಹತೋಟಿಯಲ್ಲಿಡುವುದು, ಇನ್ನೊಬ್ಬರ ಮನಸ್ಸು ತಿಳಿಯುವುದು, ಜೊತೆಯಲ್ಲಿ ಬಾಳುವುದು, ಯೋಚಿಸಿ ತೀರ್ಮಾನ ಮಾಡುವುದು. ಹೀಗೆ ಐದು. ಇದಕ್ಕೆಲ್ಲ ಟೈಮ್ ಎಲ್ಲಿದೆ, ಪೋರ್ಷನ್ ಮುಗಿಯಬೇಕಲ್ಲ ಎಂದು ಕೇಳುವವರಿಗೆ ಒಂದು ಲೆಕ್ಕ. 2011ರಲ್ಲಿ ಸಂಶೋಧಕರು ಇಂಥ 213 ಶಾಲಾ ಕಾರ್ಯಕ್ರಮಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅದರಲ್ಲಿದ್ದ ಮಕ್ಕಳು 2 ಲಕ್ಷ 70 ಸಾವಿರ. ಇಂಥ ಪಾಠ ಸಿಕ್ಕ ಮಕ್ಕಳು ಓದಿನಲ್ಲೂ ಮುಂದಿದ್ದರು. ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ನಿಂತ ಮಗು ಹನ್ನೊಂದು ಹೆಜ್ಜೆ ಮುಂದೆ ಹೋದ ಹಾಗೆ. ಹೆಚ್ಚಿನವು ಅಮೆರಿಕದ ಶಾಲೆಗಳು, ನಿಜ. ಆದರೂ ಅಳು ನುಂಗಿಕೊಂಡು ಕೂತ ಮಗುವಿಗೆ ಮಗ್ಗಿ ತಲೆಗೆ ಹೋಗುವುದಿಲ್ಲ ಎಂಬುದಕ್ಕೆ ಅಮೆರಿಕವೇ ಬೇಕೇ?

ನನಗೆ ಆ ಐದಕ್ಕಿಂತ ಜಾಸ್ತಿ ತಟ್ಟಿದ್ದು ಬೇರೆ ಒಂದು ಮಾತು. ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ ಎಂಬ ಸಮಾಜಶಾಸ್ತ್ರಜ್ಞರಿಗೆ ಸ್ವತಃ ಆಟಿಸಂ ಇದೆ. ಅವರು 2012ರಲ್ಲಿ ಬರೆದದ್ದರ ತಿರುಳು ಇಷ್ಟು: ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ತಿಳಿಯುವುದಿಲ್ಲ ಅನ್ನುತ್ತೀರಿ. ನಿಮಗೆ ಅವರ ಮನಸ್ಸು ತಿಳಿಯುತ್ತದೆಯೇ? ತೊಡಕು ಇಬ್ಬರ ನಡುವೆ ಇದೆ, ಒಬ್ಬರೊಳಗೆ ಇಲ್ಲ. ಇದನ್ನು ಓದಿದಾಗ ನನಗೆ ಕಣ್ಣ ಮುಂದೆ ಬಂದದ್ದು ಆ ತಗಡಿನ ಜಗಲಿ. ಅವನ ಮನಸ್ಸು ತಿಳಿಯದೆ ಹೋದವಳು ನಾನು. ಶಿಕ್ಷೆ ಆದದ್ದು ಅವನಿಗೆ.

ಊಟದ ವ್ಯವಸ್ಥೆ ಬದಲಾಯಿಸಿದ್ದು ಮಕ್ಕಳೇ. "ಅವನು ಒಳಗೆ ಹೆಂಚಿನ ಕೆಳಗೆ ಉಣ್ಣಲಿ, ಜೊತೆಗೆ ಒಬ್ಬರು ಕೂರೋಣ" ಅಂದಳು ಅದೇ ಹುಡುಗಿ. ಗಂಟೆ ಹೊಡೆಯುವ ಮೊದಲು ಅವನ ಹತ್ತಿರ ಹೋಗಿ ಕಿವಿ ಮುಚ್ಚಿ ತೋರಿಸುವುದು ಅವಳ ಕೆಲಸವಾಯಿತು. ಹದಿನೈದು ದಿನ ಮಾಡಿದಳು. ಆಮೇಲೆ "ನನಗೆ ಹೊರಗೆ ಎಲ್ಲರ ಜೊತೆ ಉಣ್ಣಬೇಕು" ಅಂದಳು. ನನಗೆ ಖುಷಿಯಾಯಿತು, ಸುಳ್ಳಲ್ಲ. ಬೇಡ ಅನ್ನುವುದನ್ನು ಹೇಳಲು ಬರುವುದೂ ಕಲಿಕೆಯೇ ಅಲ್ವಾ? ಪಾಳಿ ಹಾಕಿಕೊಂಡೆವು. ಹಾಗಂತ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಪಾಳಿ ತಪ್ಪಿಸಿಕೊಂಡು ಓಡಿದವರಿದ್ದರು, ಅವನೂ ಕೆಲವು ದಿನ ಉಣ್ಣದೇ ಮನೆಗೆ ಹೋದ.

ಕಾನೂನಿನ ವಿಷಯ ಬೇಗ ಹೇಳಿಬಿಡುತ್ತೇನೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ 21 ಆದವು. ಆಟಿಸಂ ಮತ್ತು ಕಲಿಕೆಯ ನ್ಯೂನತೆ ಆ ಪಟ್ಟಿಗೆ ಬಂದವು. ಶೇಕಡಾ 40ಕ್ಕಿಂತ ಕಡಿಮೆ ಇಲ್ಲದಷ್ಟು ನ್ಯೂನತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. ಪ್ರತಿ ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ವಿಚಾರಿಸಿದರೆ ಇಂಥ ಮಕ್ಕಳ ಕಲಿಕೆಗೆ ನೆರವಾಗುವ, ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರ ಬಗ್ಗೆ ತಿಳಿಯುತ್ತದೆ. ಕೇಳಲು ನಾಚಿಕೆ ಬೇಡ.

ಕೊನೆಗೆ ಒಂದು ತಮಾಷೆ. ನಲಿಕಲಿ ತರಗತಿಯಲ್ಲಿ ಹವಾಮಾನ ನಕ್ಷೆ ಇರುತ್ತದೆ. ದಿನವೂ ಮಕ್ಕಳು ಬಿಸಿಲೋ ಮೋಡವೋ ಮಳೆಯೋ ನೋಡಿ ಗುರುತು ಹಾಕುತ್ತಾರೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಅದಕ್ಕೆ ಬೇರೆ ಕೆಲಸವಿಲ್ಲ, ಮಳೆ, ಮಳೆ, ಮಳೆ. ಅದರ ಪಕ್ಕದಲ್ಲೇ "ನನ್ನೊಳಗಿನ ಹವಾಮಾನ" ಎಂದು ಇನ್ನೊಂದು ನಕ್ಷೆ ತೂಗುಹಾಕಿದೆ. ಬೆಳಿಗ್ಗೆ ಬಂದವರು ತಮ್ಮ ಚಿತ್ರಕ್ಕೆ ಬೆರಳಿಡಬೇಕು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮನೆಯಲ್ಲಿ ದುಡ್ಡಿಲ್ಲದ ಆ ದಿನಗಳಲ್ಲಿ ಎಷ್ಟೋ ಮಕ್ಕಳು ಮೋಡಕ್ಕೆ ಬೆರಳಿಡುತ್ತಿದ್ದರು.

ನಮ್ಮ ಹುಡುಗ ಮಾತ್ರ ದಿನವೂ ಮಳೆಗೆ. ಸೋಮವಾರವೂ ಮಳೆ, ಶನಿವಾರವೂ ಮಳೆ. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಈ ಮಗುವಿಗೆ ಒಳಗೆ ಏನು ನೋವಿದೆಯೋ ಎಂದು ಅಜ್ಜಿಯನ್ನೂ ಕರೆಸಿದೆ. ಸಾಂಬಾರು ಚೆಲ್ಲಿಸಿಕೊಂಡ ಹುಡುಗಿ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

"ಅಕ್ಕೋರೆ, ಅವನಿಗೆ ನೀಲಿ ಬಣ್ಣ ಅಂದ್ರೆ ಇಷ್ಟ" ಅಂದಳು.

ಮರುದಿನ ಅವಳೇ ನೀಲಿ ಸ್ಕೆಚ್ ಪೆನ್ನಿನಲ್ಲಿ ಒಂದು ಸೂರ್ಯನನ್ನು ಬರೆದು ಅಂಟಿಸಿದಳು. ಹುಡುಗ ಬಂದ, ನೋಡಿದ, ಬೆರಳು ನೇರ ಸೂರ್ಯನ ಮೇಲೆ ಇಟ್ಟ. ಹೊರಗೆ ಆವತ್ತೂ ಧೋ ಎಂದು ಮಳೆ.

ನಮಸ್ಕಾರ.