ಸುಮ್ಮನೆ ಕೂತವಳ ಮೇಲೆ ಕ್ಯಾಮೆರಾ

(ಬಳ್ಳಾರಿಯಲ್ಲಿ ರಂಗಾಸಕ್ತರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹೊರಗೆ ಇನ್ನೂ ಬಿಸಿಲು ಇಳಿದಿಲ್ಲ. ಆದರೂ ಇಷ್ಟು ಜನ ಬಂದಿದ್ದೀರಿ. ಬಳ್ಳಾರಿಯಲ್ಲಿ ನಾಟಕದ ಮಾತು ಅಂದರೆ ಜನ ಬಂದೇ ಬರುತ್ತಾರೆ.

ಸುಭದ್ರಮ್ಮ ಮನ್ಸೂರು ಅವರ ದ್ರೌಪದಿಯನ್ನು ‘ರಕ್ತರಾತ್ರಿ’ಯಲ್ಲಿ ನೋಡಿದವರು ಇಲ್ಲಿ ಇದ್ದೀರಿ. ಸ್ವಲ್ಪ ನೆನಪು ಮಾಡಿಕೊಳ್ಳಿ. ರಂಗದ ಮೇಲೆ ಮಾತು ಬೇರೆ ಯಾರದೋ ನಡೆದಿರುತ್ತಿತ್ತು. ನಮ್ಮ ಕಣ್ಣು ಮಾತ್ರ ದ್ರೌಪದಿ ಬಿಟ್ಟು ಕದಲುತ್ತಿರಲಿಲ್ಲ. ಅಲ್ಲೇ ನೋಡಿ ಅಂತ ಯಾರೂ ಹೇಳಿರಲಿಲ್ಲ. ನಾವೇ ಆರಿಸಿಕೊಂಡಿದ್ದು, ಅಲ್ವಾ? ಸಿನಿಮಾಕ್ಕೆ ಹೋದ ಕೂಡಲೇ ಆ ಅಧಿಕಾರ ನಮ್ಮ ಕೈ ತಪ್ಪುತ್ತದೆ. ಯಾರ ಮುಖ, ಎಷ್ಟು ಹೊತ್ತು ಅನ್ನುವುದನ್ನು ಇನ್ಯಾರೋ ಮೊದಲೇ ತೀರ್ಮಾನ ಮಾಡಿರುತ್ತಾರೆ. ಒಬ್ಬರನ್ನೊಬ್ಬರು ಬಿಡಲಾರದ, ಕೂಡಿ ಬಾಳಲೂ ಆಗದ ಇಬ್ಬರು ಪ್ರೇಮಿಗಳ ನಾಟಕವನ್ನು ಸಿನಿಮಾ ಮಾಡುವಾಗ ನಿಜವಾದ ಕಷ್ಟ ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ಆದರೆ ಜನ ಇದನ್ನು ಕಷ್ಟ ಅಂದುಕೊಳ್ಳುವುದಿಲ್ಲ. ಅವರ ಚಿಂತೆ ಬೇರೆ. ‘ಒಂದೇ ರೂಮು ಎರಡು ತಾಸು ಯಾರು ನೋಡ್ತಾರೆ? ಹೊರಗೆ ಕರ್ಕೊಂಡು ಹೋಗಿ. ಹಂಪಿಯಲ್ಲಿ ಒಂದು ಹಾಡು ಇಡಿ, ತುಂಗಭದ್ರಾ ಡ್ಯಾಮಿನ ಮೇಲೆ ಒಂದು ಸೀನ್ ಇಡಿ’ ಅನ್ನುತ್ತಾರೆ. ಈ ಸಲಹೆ ಎಲ್ಲಾ ದೇಶದಲ್ಲೂ ಇದೆ. ಟೆನೆಸೀ ವಿಲಿಯಮ್ಸ್ 1947ರಲ್ಲಿ ರಂಗಕ್ಕೆ ತಂದ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ನಾಟಕವನ್ನು ಇಲಿಯಾ ಕಜಾನ್ 1951ರಲ್ಲಿ ಸಿನಿಮಾ ಮಾಡಿದರು. ಅವರೂ ಮೊದಲು ಹೊರಗೇ ಹೋಗಲು ನೋಡಿದರು. ನಾಟಕದ ನಾಯಕಿ ಬ್ಲಾಂಚ್ ತನ್ನ ಊರಲ್ಲಿ ಕಳೆದ ಹಿಂದಿನ ದಿನಗಳನ್ನೆಲ್ಲ ತೋರಿಸುವ ಚಿತ್ರಕಥೆ ಬರೆಸಿದರು. ಓದಿ ನೋಡಿದರೆ ನಾಟಕದ ಬಿಸಿಯೇ ಇರಲಿಲ್ಲ. ಅದನ್ನು ಪಕ್ಕಕ್ಕಿಟ್ಟು ಮತ್ತೆ ನಾಟಕಕ್ಕೇ ಬಂದರು. ಆಮೇಲೆ ಅವರು ಮಾಡಿದ್ದು ಹೊರಗೆ ಹೋಗುವುದಕ್ಕೆ ಪೂರ್ತಿ ಉಲ್ಟಾ. ಕಥೆ ಮುಂದಕ್ಕೆ ಹೋದ ಹಾಗೆ ಸೆಟ್‌ನ ಗೋಡೆಗಳನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ತಂದರು. ನೋಡುವವರಿಗೆ ಗೋಡೆ ಸರಿದಿದ್ದು ಗೊತ್ತಾಗುವುದಿಲ್ಲ. ಬ್ಲಾಂಚ್‌ಗೆ ಉಸಿರು ಕಟ್ಟಿದ್ದು ಮಾತ್ರ ಗೊತ್ತಾಗುತ್ತದೆ.

ನಾನು ಜಾಸ್ತಿ ಹೊತ್ತು ಮಾತಾಡಬೇಕು ಅಂದುಕೊಂಡಿರುವುದು ಇನ್ನೊಂದು ನಾಟಕದ ಬಗ್ಗೆ. ಸ್ಯಾಮ್ ಶೆಪರ್ಡ್ ಬರೆದ ‘ಫೂಲ್ ಫಾರ್ ಲವ್’. 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಜಿಕ್ ಥಿಯೇಟರಿನಲ್ಲಿ ಅವರೇ ಮೊದಲ ಸಲ ಆಡಿಸಿದರು. ಮರುಭೂಮಿಯ ಅಂಚಿನಲ್ಲಿ ಒಂದು ಅಗ್ಗದ ಮೋಟೆಲ್. ಅಲ್ಲಿ ಒಂದು ರೂಮು. ಮೇ ಅನ್ನುವವಳು ಮಂಚದ ಮೇಲೆ ತಲೆ ತಗ್ಗಿಸಿ ಕೂತಿದ್ದಾಳೆ. ಅವಳ ಪ್ರೇಮಿ ಎಡ್ಡಿ ಬಹಳ ದೂರದಿಂದ ಗಾಡಿ ಓಡಿಸಿಕೊಂಡು ಬಂದಿದ್ದಾನೆ. ಹೋಗು ಅನ್ನುತ್ತಾಳೆ. ಹೊರಟರೆ ಹೋಗಬೇಡ ಅನ್ನುತ್ತಾಳೆ. ಎಲ್ಲೂ ನಿಲ್ಲಿಸದೆ, ಬಿಡುವು ಕೊಡದೆ ಈ ನಾಟಕ ಆಡಬೇಕು ಅಂತ ಶೆಪರ್ಡ್ ಮೊದಲ ಪುಟದಲ್ಲೇ ಬರೆದಿದ್ದಾರೆ. ಬಾಗಿಲು ಬಡಿದಾಗ ಇಡೀ ರಂಗಮಂದಿರ ನಡುಗಲಿ ಅಂತ ಒಳಗೆ ಮೈಕು, ದೊಡ್ಡ ಡ್ರಮ್ಮು ಅಡಗಿಸಿ ಇಡಲು ಹೇಳಿದ್ದಾರೆ. ಅಂದರೆ ಆ ಗೋಡೆ, ಆ ಬಾಗಿಲು ಎಲ್ಲಾ ಪಾತ್ರಗಳೇ.

ಇವರ ಜೊತೆ ಒಬ್ಬ ಮುದುಕ ಇದ್ದಾನೆ. ರಂಗದ ಒಂದು ಮೂಲೆಯಲ್ಲಿ ತೂಗುಕುರ್ಚಿ ಹಾಕಿಕೊಂಡು ಕುಡಿಯುತ್ತಾ ಕೂತಿರುತ್ತಾನೆ. ಅವನು ಆ ರೂಮಿನಲ್ಲಿ ಇಲ್ಲ. ಇಬ್ಬರ ಮನಸ್ಸಿನಲ್ಲಿ ಮಾತ್ರ ಇದ್ದಾನೆ. ಅವನು ಅವರಿಬ್ಬರ ಅಪ್ಪ. ಎರಡು ಸಂಸಾರ ಮಾಡಿದವನು, ಒಂದಕ್ಕೊಂದು ಗೊತ್ತಾಗದ ಹಾಗೆ. ಒಬ್ಬ ಅಪ್ಪನ ಮಕ್ಕಳು ಅಂತ ತಿಳಿಯದೆ ಇವರು ಪ್ರೀತಿಸಿದರು. ತಿಳಿದ ಮೇಲೂ ಬಿಡಲಾಗಲಿಲ್ಲ. ನಾಟಕದ ಕೊನೆಯ ಭಾಗದಲ್ಲಿ ಎಡ್ಡಿ ತನ್ನ ಕಥೆ ಹೇಳುತ್ತಾನೆ. ಆಮೇಲೆ ಮೇ ತನ್ನದು ಹೇಳುತ್ತಾಳೆ. ಎಡ್ಡಿಯ ಅಮ್ಮ ಹೇಗೆ ಸತ್ತಳು ಅಂತ ಅವಳು ಹೇಳಿದಾಗ ಮುದುಕ ತಡೆಯಲಾರದೆ ಸುಳ್ಳು ಅನ್ನುತ್ತಾನೆ. ರಂಗದಲ್ಲಿ ನಮಗೆ ಮೂವರೂ ಒಟ್ಟಿಗೆ ಕಾಣುತ್ತಾರೆ. ಹೇಳುವವಳು, ಕೇಳಿಸಿಕೊಳ್ಳುವವನು, ಕೇಳಿಸಿಕೊಳ್ಳಲು ಒಲ್ಲೆ ಅನ್ನುವವನು.

ರಾಬರ್ಟ್ ಆಲ್ಟ್‌ಮನ್ ಇದನ್ನು 1985ರಲ್ಲಿ ಸಿನಿಮಾ ಮಾಡಿದರು. ಎಡ್ಡಿಯ ಪಾತ್ರ ಶೆಪರ್ಡ್ ಅವರೇ ಮಾಡಿದರು. ಮೇ ಪಾತ್ರ ಕಿಮ್ ಬ್ಯಾಸಿಂಜರ್ ಅವರದು. ಮುದುಕನಾಗಿ ಹ್ಯಾರಿ ಡೀನ್ ಸ್ಟಾಂಟನ್. ಇಲ್ಲಿ ಆಲ್ಟ್‌ಮನ್ ಒಂದು ಧೈರ್ಯದ ಕೆಲಸ ಮಾಡಿದರು. ಎಡ್ಡಿ, ಮೇ ಹಳೆಯ ಕಥೆ ಹೇಳುವಾಗ ಹಳೆಯ ದಿನಗಳನ್ನೂ ತೋರಿಸಿದರು. ಆದರೆ ಕಿವಿಗೆ ಕೇಳುವುದು ಒಂದು, ಕಣ್ಣಿಗೆ ಕಾಣುವುದು ಸ್ವಲ್ಪ ಬೇರೆ. ಮಾತಿನಲ್ಲಿ ಬಂದಿದ್ದು ಚಿತ್ರದಲ್ಲಿ ಹಾಗೇ ಇರುವುದಿಲ್ಲ. ಹಾಗಾದರೆ ಯಾರನ್ನು ನಂಬುವುದು? ರಂಗದಲ್ಲಿ ಮುದುಕ ಎಬ್ಬಿಸುತ್ತಿದ್ದ ಅನುಮಾನವನ್ನು ಇಲ್ಲಿ ಚಿತ್ರವೇ ಎಬ್ಬಿಸುತ್ತದೆ. ನನಗೆ ಇದು ಬಹಳ ಇಷ್ಟ. ಮುದುಕನನ್ನು ಮೋಟೆಲಿನ ಸುತ್ತ ಓಡಾಡಿಸಿದ್ದು ಮಾತ್ರ ಅಷ್ಟು ಹಿಡಿಸಲಿಲ್ಲ. ನಾಟಕದಲ್ಲಿ ಅವನು ಬಹುಪಾಲು ಹೊತ್ತು ಕೂತಲ್ಲೇ ಇರುತ್ತಾನೆ. ಅದೇ ಅವನ ಶಿಕ್ಷೆ ಅಂತ ನಾನು ತಿಳಿದಿದ್ದೆ.

ಇದೆಲ್ಲ ದೂರದ ಮಾತು ಅನಿಸಬಹುದು. ನಮ್ಮ ಹುಡುಗರ ಜೊತೆ ಇಂಥದ್ದೇ ಒಂದು ಸಣ್ಣ ದೃಶ್ಯ ಬರೆದು, ರಂಗದ ಮೇಲೆ ಆಡಿ, ಆಮೇಲೆ ಫೋನಿನಲ್ಲಿ ಶೂಟ್ ಮಾಡಿದೆವು. ತೋರಣಗಲ್ಲಿನ ಕಡೆ ರಸ್ತೆ ಪಕ್ಕದ ಒಂದು ಲಾಡ್ಜ್ ರೂಮು. ಅದಿರಿನ ಲಾರಿ ಹೋದಾಗೆಲ್ಲ ಕಿಟಕಿ ಗಾಜು ಗಡಗಡ ಅನ್ನುತ್ತಿತ್ತು. ಶೆಪರ್ಡ್ ಅವರ ಡ್ರಮ್ಮು ನಮಗೆ ಪುಕ್ಕಟೆ ಸಿಕ್ಕಿತು. ಮಂಚದ ಮೇಲೆ ಕೆಂಪು ಧೂಳು. ಅವನು ಲಾರಿ ಡ್ರೈವರ್, ಆರು ತಿಂಗಳಾದ ಮೇಲೆ ಬಂದಿದ್ದಾನೆ. ‘ನಿನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲೇ?’ ಅನ್ನುತ್ತಾನೆ. ರಂಗದ ಮೇಲೆ ಈ ಮಾತು ಬಂದಾಗ ಜನ ಉಸಿರು ಬಿಗಿ ಹಿಡಿದು ಕೂತಿದ್ದರು. ಸಿನಿಮಾದಲ್ಲಿ ಸತ್ತು ಹೋಯಿತು.

ಯಾಕೆ ಅಂತ ನಾಲ್ಕು ದಿನ ತಲೆ ಕೆಡಿಸಿಕೊಂಡೆವು. ನಾವು ಎಡಿಟಿಂಗ್ ಮಾಡಿದ್ದು ಹೇಗೆ ಅಂದರೆ, ಮಾತು ಯಾರದೋ ಮುಖ ಅವರದು. ಅವನು ಮಾತಾಡಿದರೆ ಅವನು, ಅವಳು ಮಾತಾಡಿದರೆ ಅವಳು. ಕೊನೆಗೆ ದೂರದಿಂದ ತೆಗೆದ ಒಂದು ಶಾಟ್ ಹಾಕಿ ನೋಡಿದೆವು. ಅದರಲ್ಲಿ ಇಬ್ಬರೂ ಇದ್ದರು. ಅವನು ಮಾತಾಡುವಾಗ ಆ ಹುಡುಗಿ ಚಾದರದ ಅಂಚಿನ ಒಂದು ನೂಲನ್ನು ಬೆರಳಿಗೆ ಸುತ್ತುತ್ತಿದ್ದಳು. ‘ಬಿಟ್ಟು’ ಅನ್ನುವ ಮಾತು ಬಂದ ಕೂಡಲೇ ಬೆರಳು ನಿಂತಿತು. ಆಮೇಲೆ ಬಹಳ ನಿಧಾನಕ್ಕೆ ನೂಲನ್ನು ಬಿಚ್ಚತೊಡಗಿದಳು. ನಮ್ಮ ದೃಶ್ಯ ಇದ್ದದ್ದು ಅಲ್ಲಿ. ರಂಗದ ಮುಂದೆ ಕೂತ ಜನ ಅದನ್ನೇ ನೋಡಿದ್ದರು. ಕ್ಯಾಮೆರಾ ಹಿಡಿದ ನಾವು ಅದನ್ನೇ ಕತ್ತರಿಸಿದ್ದೆವು.

ಇದಾದ ಮೇಲೆ ನಾನು ‘ನಾಗಮಂಡಲ’ವನ್ನು ಮತ್ತೆ ನೋಡಿದೆ. ಗಿರೀಶ ಕಾರ್ನಾಡರು ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಕಟ್ಟಿದ ನಾಟಕ. ಟಿ. ಎಸ್. ನಾಗಾಭರಣ ಅದನ್ನು 1997ರಲ್ಲಿ ಸಿನಿಮಾ ಮಾಡಿದರು. ಹಗಲು ಗದರಿಸುವ ಅಪ್ಪಣ್ಣ, ರಾತ್ರಿ ಅದೇ ರೂಪದಲ್ಲಿ ಬರುವ ನಾಗ, ಎರಡೂ ಪ್ರಕಾಶ್ ರೈ. ಎಲ್ಲರೂ ಅವರ ಎರಡು ಮುಖದ ಬಗ್ಗೆಯೇ ಮಾತಾಡುತ್ತಾರೆ. ಮಾತಾಡಲಿ, ಅದಕ್ಕೆ ಅವರು ಯೋಗ್ಯರು. ಆದರೆ ನಾಗ ಅಪ್ಪಣ್ಣನ ಹೆಂಡತಿ ರಾಣಿಗೆ ಪ್ರಶ್ನೆ ಕೇಳಬೇಡ ಅಂದಿರುತ್ತಾನೆ. ಕೇಳಬಾರದ ಪ್ರಶ್ನೆ ಎಲ್ಲಿಗೆ ಹೋಗಬೇಕು? ಅವಳ ಮುಖಕ್ಕೇ ಬರಬೇಕು. ರಾಣಿಯಾಗಿ ವಿಜಯಲಕ್ಷ್ಮಿ ಸುಮ್ಮನೆ ಅವನನ್ನು ನೋಡುವ ಹೊತ್ತಿದೆಯಲ್ಲ, ನನಗೆ ಆ ಸಿನಿಮಾ ಉಳಿದಿರುವುದು ಅಲ್ಲಿ.

ಈ ಊರಲ್ಲಿ ನಿಂತು ರಾಘವರನ್ನು ನೆನೆಯದೆ ಇರಲು ಆಗುವುದಿಲ್ಲ. ಬಳ್ಳಾರಿ ರಾಘವರು ವಕೀಲರು, ದೊಡ್ಡ ನಟರು. ಹೆಣ್ಣಿನ ಪಾತ್ರ ಹೆಣ್ಣೇ ಮಾಡಲಿ ಅಂತ ಹಟ ಹಿಡಿದವರು. ‘ರೈತುಬಿಡ್ಡ’ದಂಥ ತೆಲುಗು ಸಿನಿಮಾದಲ್ಲೂ ಪಾತ್ರ ಮಾಡಿದರು, 1939ರಲ್ಲಿ. ಹೆಣ್ಣನ್ನು ರಂಗಕ್ಕೆ ತರಲು ಅವರ ಕಾಲದವರು ಅಷ್ಟು ಕಷ್ಟಪಟ್ಟಿದ್ದಾರೆ. ಈಗ ಕ್ಯಾಮೆರಾ ನಮ್ಮ ಜೇಬಿನಲ್ಲೇ ಇದೆ. ಅವಳು ಮಾತಾಡದ ಹೊತ್ತಿನಲ್ಲಿ ಅವಳನ್ನು ಬಿಟ್ಟು ಗಂಡಸಿನ ಡೈಲಾಗಿನ ಹಿಂದೆ ಓಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ನಮ್ಮ ಆ ಲಾಡ್ಜ್ ದೃಶ್ಯವನ್ನು ನಾವು ಅದೇ ರೂಮಿಗೆ ಹೋಗಿ ಇನ್ನೊಮ್ಮೆ ತೆಗೆದೆವು. ಮೂರು ನಿಮಿಷ ಇದೆ. ಒಂದೂ ಕಟ್ ಇಲ್ಲ. ಅವನ ದನಿ ಕೇಳುತ್ತದೆ, ಮುಖ ಕೊನೆಗೆ ಮಾತ್ರ ಕಾಣುತ್ತದೆ. ಲಾರಿ ಸದ್ದು ತೆಗೆದಿಲ್ಲ. ತಮ್ಮಾ, ಆ ಕಡೆ ಲೈಟು ಆರಿಸಪ್ಪ. ಬಾಗಿಲೂ ಸ್ವಲ್ಪ ಮುಂದೆ ಮಾಡು.

ಅವಳ ಕೈ ನೋಡುತ್ತಾ ಇರಿ.